ಹನಿಯಬೇಕಾದ ಜಾಗ

ಉದ್ಯಾವರ ಹೊಳೆಯ ಬದಿ, ದುರಸ್ತಿಗೆ ಮೇಲೆಳೆದು
ದಿಮ್ಮಿಗಳ ಮೇಲೆ ಕೂರಿಸಿದ ಬೋಟಿಗೆ ಮೂರು ದಿನ ಸುತ್ತು ಹಾಕಿ
ಸ್ಕ್ಯಾನರಿನಲ್ಲಿ ತುಂಬಿಕೊಂಡು ಬಂದೆ
ನಲವತ್ತು ಲಕ್ಷ ಚುಕ್ಕೆ.
ಜೊತೆಗೆ ಬಂದದ್ದು: ಒಂದು ಏಣಿ, ಅರ್ಧ ನಾಯಿ,
ಶೀನ ತಿಂಗಳಾಯರ ಮೊಣಕೈ.
ಇದು ಇಷ್ಟು ಡೀಸೆಲ್ ಯಾಕೆ ಕುಡಿಯುತ್ತದೆ
ಎಂಬುದಷ್ಟೇ ಅವರ ಪ್ರಶ್ನೆ.

ಮಲ್ಪೆಯ ಐಸ್ ಫ್ಯಾಕ್ಟರಿಯ ಮೇಲಿನ ಕೋಣೆಯಲ್ಲಿ
ಮೊದಲು ನಾಯಿಯನ್ನು ಅಳಿಸಿದೆ.
ಆಮೇಲೆ ಏಣಿ, ಮೊಣಕೈ.
ಆಮೇಲೆ ಬೋಟಿನದೇ ಸಣ್ಣಪುಟ್ಟದ್ದು:
ಟಯರು ಕಟ್ಟುವ ಕೊಂಡಿ, ಮೊಳೆಯ ತಲೆ,
ಮೂತಿಗೆ ಕುಂಕುಮ ಹಚ್ಚಿ ಹಚ್ಚಿ ಎದ್ದ ದಪ್ಪ,
ಉಬ್ಬಕ್ಷರದ ಹೆಸರು.
ನೀರಿಗೆ ಓದಲು ಬರುವುದಿಲ್ಲ ಎಂದು
ನನಗೆ ನಾನೇ ಹೇಳಿಕೊಂಡೆ.
ಒಂದಕ್ಷರಕ್ಕೆ ನನ್ನ ಬಲೆಯಲ್ಲಿ ಮೂವತ್ತು ಸಾವಿರ ಕಣ್ಣು ಬೇಕು,
ಒತ್ತಕ್ಷರಕ್ಕೆ ಇನ್ನೂ ಜಾಸ್ತಿ.

ಇನ್ನು ಬಿರುಕು.
ಹಲಗೆ ಹಲಗೆಯ ನಡುವೆ ಕೂದಲೆಳೆಯ ಸಂದು,
ಒಂದರ ಮೇಲೊಂದು ಹತ್ತಿದ ತ್ರಿಕೋನ,
ಸೂಜಿಯಷ್ಟು ತೆಳ್ಳಗಿನ, ಯಾವ ಕೆಲಸಕ್ಕೂ ಬಾರದ ಮುಖಗಳು.
ಒಂದು ಅಂಚು ಒಂಟಿಯಾಗಿ ಉಳಿದರೂ
ಸಾಫ್ಟ್‌ವೇರ್ ಕೆಂಪು ಗೆರೆ ಎಳೆದು ಕೂರುತ್ತದೆ:
ಘನವಲ್ಲ, ಬರೀ ಚಿಪ್ಪು.
ಹೊಲಿದೆ. ಬಿಚ್ಚಿತು. ಮತ್ತೆ ಹೊಲಿದೆ.
ಅದೇ ಹೊತ್ತಿಗೆ ಹೊಳೆಯ ಬದಿ ತಿಂಗಳಾಯರು
ಅವೇ ಸಂದುಗಳಿಗೆ ಹತ್ತಿ ತುರುಕಿ ರಾಳ ಮೆತ್ತುತ್ತಿದ್ದರು.
ಅವರದು ಬೇಗ ಮುಗಿಯಿತು.

ನಂತರ ಸಮುದ್ರ.
ಎಷ್ಟು ಸಮುದ್ರ ಬೇಕು? ಲೆಕ್ಕ ಉಂಟು:
ಮುಂದೆ ಒಂದು ಬೋಟಿನುದ್ದ, ಪಕ್ಕಕ್ಕೆ ಎರಡು, ಹಿಂದೆ ಮೂರು.
ಹಿಂದೆ ಹೆಚ್ಚು, ಯಾಕೆಂದರೆ ಬೋಟು ದಾಟಿ ಹೋದ ಮೇಲೂ
ನೀರು ಅದನ್ನು ಬೇಗ ಮರೆಯುವುದಿಲ್ಲ.
ಆ ಪೆಟ್ಟಿಗೆಯಿಂದ ಬೋಟನ್ನು ಕಳೆ ಎಂದೆ.
ಕಳೆಯಿತು. ಹೆಬ್ಬಲಸಿನ ಹಲಗೆ ಹೋಯಿತು,
ಹದಿನೆಂಟು ವರ್ಷ ಮೀನು ಹೊತ್ತ ಹೊಟ್ಟೆ ಹೋಯಿತು.
ಉಳಿದದ್ದು ನೀರು, ನೀರಿನೊಳಗೆ
ಬೋಟಿನ ಆಕಾರದ ಒಂದು ‘ಇಲ್ಲ’.

ಕಣ್ಣು ಉಳಿಸಲು ಅದನ್ನೂ ನಟ್ಟನಡುವೆ ಸೀಳಿ
ಬಲಭಾಗವನ್ನಷ್ಟೇ ಇಟ್ಟುಕೊಂಡೆ.
ಎಡ ಕನ್ನಡಿಯಲ್ಲಿ ಸಿಗುತ್ತದೆ ಎಂಬ ನಂಬಿಕೆ.
ಸಂಜೆ ತಿಂಗಳಾಯರು ಮೆಟ್ಟಿಲು ಹತ್ತಿ ಬಂದು
ಚಪ್ಪಲಿ ಹೊರಗೆ ಬಿಟ್ಟು, ಪರದೆಯನ್ನು
ಮೀನಿನ ಕಿವಿರು ನೋಡುವ ಹಾಗೆ ನೋಡಿದರು.
“ಇನ್ನರ್ಧ ಎಲ್ಲಿ?”
ಎರಡೂ ಒಂದೇ ಅಲ್ವಾ ಎಂದೆ.
“ಯಾರು ಹೇಳಿದ್ದು? ಬಲೆ ಎಳೆಯುವುದು ಎಡಕ್ಕೆ.
ಎಡಬದಿ ಎರಡು ಬೆರಳು ಹೆಚ್ಚು ಉಂಟು ಮಾರಾಯ್ತಿ.
ನಮ್ಮಪ್ಪ ಬೇಕೂಂತಲೇ ಬಿಟ್ಟದ್ದು.”
ಚುಕ್ಕೆಗಳನ್ನು ಅಳೆದೆ. ಮೂವತ್ತೆಂಟು ಮಿಲಿಮೀಟರು.
ಇಡೀ ಬೋಟು ವಾಪಸು. ಕಣ್ಣು ಎರಡರಷ್ಟು.

ಬಲೆ ಹೆಣೆಯಲು ಬಿಟ್ಟೆ. ಮೈಗೆ ತಾಗಿದಲ್ಲಿ
ಬೂತಾಯಿ ಮರಿಯೂ ನುಸುಳದ ಕಣ್ಣು,
ದೂರ ಹೋದ ಹಾಗೆ ತಿಮಿಂಗಿಲ ದಾಟುವಷ್ಟು.
ಕೆಳಗೆ ಧಕ್ಕೆಯಲ್ಲಿ ಬಲ್ಬು ಹಚ್ಚಿ ಬಲೆ ಹೊಲಿಯುವವರು
ನನಗಿಂತ ಒಳ್ಳೆಯ ಗಂಟು ಹಾಕುತ್ತಾರೆ.

ರಾತ್ರಿ ಎರಡಕ್ಕೆ ನಿಂತಿತು. ಸೋರಿಕೆ.
ಹೊರಗಿನ ನೀರು ಎಲ್ಲಿಂದಲೋ ನುಗ್ಗಿ
ಹೊಟ್ಟೆಯೊಳಗೂ ಬಲೆ ಹರಡಿತ್ತು.
ಬೆಳಗಾಗುವಾಗ ಸಿಕ್ಕಿತು: ಪ್ರೊಪೆಲ್ಲರ್ ಶಾಫ್ಟ್ ಹೊರಬರುವ ತೂತು,
ಶಾಫ್ಟಿಗೂ ಕೊಳವೆಗೂ ನಡುವೆ ಉಂಗುರದಷ್ಟು ಬಿಡುವು.
ಫೋನು ಮಾಡಿ ಕೇಳಿದೆ. ನಕ್ಕರು.
“ಅಲ್ಲಿ ಹನಿಯಬೇಕು. ನಿಮಿಷಕ್ಕೆ ನಾಲ್ಕೈದು ಹನಿ.
ಪೂರ್ತಿ ಬಿಗಿದರೆ ಶಾಫ್ಟ್ ಬಿಸಿಯಾಗಿ ಕಚ್ಚುತ್ತದೆ.
ಹನಿ ನಿಂತರೆ ನಮಗೆ ನಿದ್ದೆಯಲ್ಲೂ ಎಚ್ಚರ ಆಗುತ್ತದೆ.”

ನನ್ನ ಸಮುದ್ರದಲ್ಲಿ ಹನಿಗೆ ಜಾಗವಿಲ್ಲ.
ತೆಂಗಿನ ಚಿಪ್ಪಿನಗಲದ ಬಿಲ್ಲೆ ಕತ್ತರಿಸಿ ಮುಚ್ಚಿದೆ.
ತೆರೆದ ಅಂಚು: ಸೊನ್ನೆ. ಮುಚ್ಚಿದ ಗಾತ್ರ: ಒಂದು.
ಎಪ್ಪತ್ತೊಂದು ಲಕ್ಷ ಕಣ್ಣು ತುಂಬಿ ನಿಂತವು.

ಬಿಲ್ಲೆಗೆ ಹೆಸರು ಕೇಳಿತು ಸಾಫ್ಟ್‌ವೇರ್.
ಗೋಡೆ ಎಂದು ಬರೆಯಬೇಕಿತ್ತು.
ಅದಕ್ಕೆ ಕನ್ನಡ ಬರುವುದಿಲ್ಲ;
ಇಂಗ್ಲಿಷಿನ ನಾಲ್ಕು ಅಕ್ಷರದಲ್ಲಿ
ಹನಿ ಎಂದು ಬರೆದೆ.